ಒಂಟಿ ಕಾಲ್ಚೀಲದ ವಿಷಯವಾಗಿ ಗ್ರಾವತ್ನ್ ಸರೋವರದ ನೆನ್ನಿರ್ ಅವರಿಗೆ

ಮಾನ್ಯ ಮಾಯಾಕುದುರೆಯವರೇ,

ತಮ್ಮ ಬೂದು ಮೈಗೂ ಹಿಂದುಮುಂದಾದ ನಾಲ್ಕು ಗೊರಸುಗಳಿಗೂ ನಮಸ್ಕಾರಗಳು. ಸರೋವರದ ತಳದಲ್ಲಿ ತಾವು ಸುಖವಾಗಿದ್ದೀರಿ ಎಂದು ಭಾವಿಸುತ್ತೇನೆ. ದಂಡೆಯ ಮೇಲೆ ಕುರಿ ಸಾಕಿಕೊಂಡಿರುವ ನಾವು ಹಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣ.

ಸಾಧು ಕುದುರೆಯಂತೆ ನಿಂತು, ಬೆನ್ನೇರಿದವರನ್ನು ನೀರಿನಡಿಗೆ ಒಯ್ಯುವ ತಮ್ಮ ಉದ್ಯೋಗಕ್ಕೆ ನನ್ನ ಆಕ್ಷೇಪವಿಲ್ಲ. ತಮ್ಮ ಹೆಸರು ಕಿವಿಗೆ ಬಿದ್ದರೆ ಸಾಕು, ಎಲ್ಲವನ್ನೂ ಬಿಟ್ಟು ನೀರಿಗೆ ಹಾರುತ್ತೀರಿ ಎಂಬುದೂ ಗೊತ್ತು. ಕಷ್ಟವೇನೆಂದರೆ, ನಮ್ಮ ಐಸ್‌ಲ್ಯಾಂಡಿನಲ್ಲಿ 'ಬೇಜಾರು, ಯಾರು ಮಾಡುತ್ತಾರೆ' ಎನ್ನುವುದಕ್ಕೆ 'ನೆನ್ನಿ ಎಕ್ಕಿ' ಎನ್ನುತ್ತೇವೆ, ತಮ್ಮ ಕಿವಿಗೆ ಅದೂ ತಮ್ಮ ಹೆಸರೇ, ಮತ್ತು ನನ್ನ ಪತಿ ಕೆಟಿಲ್ ಅವರು ಮದುವೆಯಾದಂದಿನಿಂದ ಬೇರೆ ಮಾತು ಆಡಿದ್ದು ಕಡಿಮೆ.

ಈ ವಸಂತದಲ್ಲಿ ಮೊಮ್ಮಗಳು ಇರ್ಸಾಳನ್ನು ಕುದುರೆ ಕೆಡವಿತು. ಆಮೇಲೆ ಅವಳು ಲಾಯದ ಕಡೆ ಸುಳಿದಿಲ್ಲ. ಬೆಟ್ಟದಿಂದ ಕುರಿ ಇಳಿಸುವ ದಿನ ಊರಿನ ಮಕ್ಕಳೆಲ್ಲ ಕುದುರೆಯ ಮೇಲಿರುವಾಗ ಇವಳೊಬ್ಬಳು ಬೇಲಿ ಹಿಡಿದು ನಿಲ್ಲುವುದನ್ನು ನೆನೆದು ನನಗೆ ಸಂಕಟವಾಗಿ, ಬೂದು ಉಣ್ಣೆಯಲ್ಲಿ ತಮ್ಮ ಚಿತ್ರದ ಕಾಲ್ಚೀಲ ಹೆಣೆಯಲು ಕೂತೆ. ಗೊರಸು ನೋಡಿದ್ದೇ ಅವಳು, "ಅಜ್ಜೀ, ಇದು ಹಿಂದುಮುಂದು ಇದೆಯಲ್ಲ, ಹಂಗಾದ್ರೆ ಕುದುರೆ ಎಷ್ಟು ಜೋರಾಗಿ ಓಡಿದ್ರೂ ಮನೆಗೇ ಬರತ್ತೆ. ಎರಡು ಕಾಲಿಗೂ ಹಾಕ್ಕೊಟ್ರೆ ಹತ್ತುತೀನಿ" ಎಂದಳು.

ಒಂದು ಮುಗಿಯಿತು. ಎರಡನೆಯದನ್ನೂ ಹೆಣೆದು ಒಲೆಯ ಮೇಲಿನ ಕಂಬಿಯಲ್ಲಿ ಒಣಹಾಕಿದೆ, ಸ್ವಲ್ಪ ತೆಗೆದಿಡಿ ಎಂದು ಪತಿಗೆ ಹೇಳಿದೆ. ಕೆಟಿಲ್ "ನೆನ್ನಿ ಎಕ್ಕಿ ಕಣೇ" ಎಂದರು, ಹೆಸರು ಕೇಳಿದ್ದೇ ಕಾಲ್ಚೀಲದಲ್ಲಿದ್ದ ತಾವು ಕೆಳಗೆ ಕುದಿಯುತ್ತಿದ್ದ ಕುರಿಮಾಂಸದ ಸಾರಿಗೆ ಹಾರಿ, ಬೆಂದು, ಹೆಬ್ಬೆರಳಿಗೂ ಸಾಲದಷ್ಟು ಕುಗ್ಗಿದಿರಿ. ಮತ್ತೆ ಹೆಣೆದು ಬೇಲಿಗೆ ಹರವಿ, ಗಾಳಿ ಎದ್ದಿದೆ ಒಳಗೆ ತನ್ನಿ ಎಂದೆ. ಅದೇ ಮಾತು; ಈ ಬಾರಿ ತಾವು ನೇರ ಸರೋವರಕ್ಕೆ. ಒಂದೇ ಕರೆಗೆ ಹೊರಡುವ ತಮ್ಮ ಚುರುಕುತನವನ್ನು ಮೆಚ್ಚಲೇಬೇಕು. ನಮ್ಮ ಮನೆಯಲ್ಲಿ ಊಟದ ಕರೆ ಬಿಟ್ಟರೆ ಬೇರಾವುದಕ್ಕೂ ಕೆಲವರು ಏಳುವುದಿಲ್ಲ.

ಬೂದು ಉಣ್ಣೆ ತೀರಿತು, ಕುರಿ ಇಳಿಸುವ ದಿನವೂ ಬಂತು. ಇರ್ಸಾ ಒಂದು ಕಾಲಿಗೆ ತಮ್ಮನ್ನು, ಇನ್ನೊಂದಕ್ಕೆ ಅಜ್ಜನ ತೂತುಬಿದ್ದ ಕಾಲ್ಚೀಲವನ್ನು ಹಾಕಿಕೊಂಡು ಕುದುರೆಯ ಮುಂದೆ ನಿಂತಳು. ಬೇಡ ಬಿಡು ಕಂದಾ ಎಂದು ನಾನು ಹೇಳುವಷ್ಟರಲ್ಲಿ, ಅದರ ಕಿವಿಗೆ ಬಾಯಿಟ್ಟು "ನೆನ್ನಿ ಎಕ್ಕಿ!" ಎಂದು ಕೂಗಿದಳು. ಕುದುರೆ ಕದಲಲಿಲ್ಲ, ಹುಲ್ಲು ಮೇಯುತ್ತಲೇ ಇತ್ತು. "ಓಡ್ಲಿಲ್ಲ ನೋಡಜ್ಜಿ, ಇದು ನಮ್ದೇ ಕುದುರೆ" ಎಂದವಳೇ ಹತ್ತಿಬಿಟ್ಟಳು. ಬೇಲಿ ಹಿಡಿದು ನಿಂತು ಅತ್ತವಳು ನಾನು.

ಆದ್ದರಿಂದ ತಾವು ದಯವಿಟ್ಟು ಹೆಸರು ಬದಲಿಸಿಕೊಳ್ಳಬೇಕು. ಅದು ಆಗದಿದ್ದರೆ ಒಯ್ದ ಕಾಲ್ಚೀಲವನ್ನು ಒಗೆದು ಹಿಂದಿರುಗಿಸಬೇಕು. ಅದನ್ನು ತಾವೇ ಧರಿಸಿದ್ದರೆ ಸಂತೋಷ, ಉಳಿದ ಮೂರು ಕಾಲಿನ ಅಳತೆ ಕಳಿಸಿ. ಹಿಮ್ಮಡಿ ಯಾವ ಕಡೆ ಇರಬೇಕು ಎಂಬುದನ್ನೂ ಮರೆಯದೆ ತಿಳಿಸಿ.

ಬೆನ್ನೇರುವಷ್ಟಲ್ಲದಿದ್ದರೂ ತಮ್ಮ ವಿಶ್ವಾಸಿ,
ಸ್ಟೈನ್ವೋರ್

ಮರೆತ ಮಾತು: ಮಗುವಿಗೆ ಆ ಮಂತ್ರ ಕಲಿಸಿದ್ದು ತಾನೇ ಎಂದು ಕೆಟಿಲ್ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಈ ಪತ್ರವನ್ನು ಸರೋವರಕ್ಕೆ ಹಾಕಿ ಬನ್ನಿ ಎಂದರೆ ಮಾತ್ರ ಅದೇ ಮಂತ್ರ. ಹಾಗಾಗಿ ತಾವೇ ಬಂದು ಒಯ್ಯಿರಿ. ಹೋಗುವಾಗ ಅವರನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹೋದರೆ ನನ್ನ ತಕರಾರಿಲ್ಲ. ಆದರೆ ಹತ್ತಲೂ ಅವರಿಗೆ ಬೇಜಾರು, ಬಾಯಿ ಬಿಟ್ಟು ಆ ಮಂತ್ರ ಹೇಳಿದರೆ ಓಡುವುದು ತಾವೇ.