ಎದುರಾಳಿ ಕಳಿಸಿದ ಹಣ

"ನಚಿಕೇತನ ಒಂದು ಪೈಸಾನೂ ಬೇಡ! ನನ್ನ ಗೆಳೆಯನ ಹೆಸರಿನ ಪಂದ್ಯ, ನಾನೊಬ್ನೇ ನಡೆಸ್ತೀನಿ!" ಎಂದು ನಾನು ಎಡಗೈಯಿಂದ ಮೇಜು ಕುಟ್ಟಿ ಘೋಷಿಸಿದೆ. ಬಲಗೈಯಲ್ಲಿ ಹುಳಿಯನ್ನ ಇತ್ತು.

ನನ್ನ ಹೆಂಡತಿ ಗಿರಿಜಾದೇವಿ ಮಜ್ಜಿಗೆ ಬಡಿಸುತ್ತ ಕೇಳಿದಳು: "ಕೇರಂ ಪೌಡರ್ ಡಬ್ಬಿಗೇ ಗಾಂಧಿ ಬಜಾರಲ್ಲಿ ಚೌಕಾಸಿ ಮಾಡೋರು ನೀವು. ಬೋರ್ಡು, ಹಾಲ್ ಬಾಡಿಗೆ, ಟ್ರೋಫಿ, ಬಂದೋರಿಗೆಲ್ಲ ತಿಂಡಿ. ಎಲ್ಲಿಂದ ತರ್ತೀರ?"

"ಪೆನ್ಷನ್ ಇದೆ!"

"ಇದೆ. ಎಸ್ಸೆಮ್ಮೆಸ್‌ನಲ್ಲಿ."

ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು. ನನ್ನ ಗೆಳೆಯ ಜಯಸಿಂಹ ತೀರಿಹೋಗಿ ಆಗ ವರ್ಷವಾಗುತ್ತ ಬಂದಿತ್ತು. ಗಿರಿನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವನ ಮನೆ. ಅವನ ವರಾಂಡದಲ್ಲಿ ಪ್ರತಿ ಭಾನುವಾರ ಕೇರಂ ಆಟ. ಕಾಯಿ ಬೀಳುವ ಸದ್ದಿನ ನಡುವೆ ಓದಿದ ಪುಸ್ತಕಗಳನ್ನೂ ಓದದ ಪುಸ್ತಕಗಳನ್ನೂ ಒಂದೇ ಅಧಿಕಾರದಿಂದ ವಿಮರ್ಶಿಸುತ್ತಿದ್ದೆವು. ಅವನು ಸತ್ತ ಮೇಲೂ ಭಾನುವಾರಗಳು ಬರುವುದನ್ನು ನಿಲ್ಲಿಸಲಿಲ್ಲ. ಅದೇ ತೊಂದರೆ. ತಿಂಡಿ ಮುಗಿದ ಕೂಡಲೇ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಗೇಟಿನವರೆಗೆ ಹೋಗಿ, ನೆನಪಾಗಿ, ಬಂದದ್ದಕ್ಕೆ ಏನಾದರೂ ಕಾರಣ ಬೇಕಲ್ಲ ಎಂದು ದಾಸವಾಳಕ್ಕೆ ನೀರು ಹಾಕಿ ಒಳಗೆ ಬರುತ್ತೇನೆ. ಆ ಗಿಡ ಈಗ ನನ್ನ ದುಃಖ ತಾಳಲಾರದೆ ಬುಡದಲ್ಲಿ ಕೊಳೆಯುತ್ತಿದೆ.

ಇನ್ನು ನಚಿಕೇತ. ನಮ್ಮ ಗುಂಪಿನ ಮೂರನೆಯವನು. (ಅವನ ಲೆಕ್ಕದಲ್ಲಿ ನಾನು ಮೂರನೆಯವನು!) ಮಸ್ಕತ್ತಿನಲ್ಲಿ ಇಂಜಿನಿಯರು. ವರ್ಷಕ್ಕೊಮ್ಮೆ ಖರ್ಜೂರದ ಡಬ್ಬಿ ಹಿಡಿದು ರಜೆಗೆ ಬರುತ್ತಿದ್ದ. ಬಂದ ಕೂಡಲೇ ಜಯಸಿಂಹನ ಎದುರಿನ ಕುರ್ಚಿ ಅವನದು. ಕೇರಂ ಆಟದ ಕ್ರೌರ್ಯ ನೋಡಿ: ಇಬ್ಬರು ಆಡಬಹುದು, ನಾಲ್ವರು ಆಡಬಹುದು, ಮೂವರಾದರೆ ಒಬ್ಬ ಆಚೆ ಕೂರಬೇಕು. ಕೂತವನ ಕೆಲಸ ಬೋರ್ಡಿಗೆ ಪೌಡರ್ ಹಾಕುವುದು, ಕೆಳಗೆ ಬಿದ್ದ ಕಾಯಿ ಹುಡುಕಿಕೊಡುವುದು. ವರ್ಷವಿಡೀ ಸಿಂಹಾಸನದಲ್ಲಿದ್ದ ನಾನು ಆ ರಜೆಯ ದಿನಗಳಲ್ಲಿ ಪೌಡರ್ ಖಾತೆಯ ಮಂತ್ರಿ!

ಸಾಲದೆಂದು ಜಯಸಿಂಹನ ನೆನಪಿಗೆ ಕೇರಂ ಪಂದ್ಯ ಇಡುವ ಯೋಚನೆಯೂ ಅವನದೇ ಆಯಿತು. ನನಗೂ ಬಂದಿತ್ತು, ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಅವನು ಫೋನು ಮಾಡಿ ಜಯಸಿಂಹನ ಹೆಂಡತಿ ಸತ್ಯಭಾಮಾ ಅವರಿಗೆ ಹೇಳಿಯೇಬಿಟ್ಟ: "ಬಡಾವಣೆಯವರಿಗೆಲ್ಲ ಪಂದ್ಯ ಇಡೋಣ. ಖರ್ಚು ನಂದು. ನಾನೂ ಬರ್ತೀನಿ." ಸತ್ಯಭಾಮಾ ನನ್ನ ಮುಂದೆಯೇ ಕಣ್ಣೊರೆಸಿಕೊಂಡು, "ಅಷ್ಟು ದೂರ ಇದ್ರೂ ಎಷ್ಟು ಪ್ರೀತಿ ನೋಡಿ" ಎಂದರು. ಎರಡು ರಸ್ತೆ ಆಚೆ ಇರುವವನ ಪ್ರೀತಿಗೆ ಬೆಲೆಯೇ ಇಲ್ಲವೆ? ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

ಆದರೆ ಸಭಾಂಗಣದ ಬಾಡಿಗೆ ವಿಚಾರಿಸಿಕೊಂಡು ಬಂದ ಸಂಜೆ ನನ್ನ ಘೋಷಣೆಯನ್ನು ನಾನೇ ಸದ್ದಿಲ್ಲದೆ ಹಿಂದಕ್ಕೆ ಪಡೆದೆ. ಕಳಿಸಲಿ, ನನ್ನ ಖಾತೆಗೇ ಕಳಿಸಲಿ. ಎಲ್ಲರ ಕಣ್ಣಿಗೆ ಕೊಡುವವನು ನಾನೇ ಎಂದು ಕಂಡರೆ ಸಾಕು!

ನಚಿಕೇತ ಕಳಿಸಿದ. "ಮೊದಲ ಥರ ಅಲ್ಲ ಗುರು" ಎಂದು ಫೋನಿನಲ್ಲಿ ಗೊಣಗಿದ. "ಆಗೆಲ್ಲ ಕೌಂಟರಲ್ಲಿ ದುಡ್ಡು ಕೊಟ್ಟು ಬಂದು ಟೀ ಕುಡಿಯೋಷ್ಟರಲ್ಲಿ ಊರಿಗೆ ಸೇರ್ತಿತ್ತು. ಈಗ ಯಾರಿಗೆ, ಯಾಕೆ, ಅವ್ರು ನಿಂಗೇನಾಗ್ಬೇಕು, ನೂರು ಪ್ರಶ್ನೆ. ನಿಂಗೂ ಬ್ಯಾಂಕಿನೋರು ಕೇಳ್ತಾರೆ. ಹುಷಾರಾಗಿ ಬರಿ."

ಹುಷಾರಾಗಿ ಬರಿ! ಯಾರಿಗೆ ಹೇಳುತ್ತಿದ್ದಾನೆ? ಸಂಪಾದಕರಿಗೆ ಬರೆದ ಪತ್ರಗಳಿಂದಲೇ ಒಂದು ಕಾಲದಲ್ಲಿ ನೀರಿನ ಮಂಡಳಿಯನ್ನು ನಡುಗಿಸಿದ್ದ ನನಗೆ?

ಕತ್ರಿಗುಪ್ಪೆಯ ನಮ್ಮ ಬ್ಯಾಂಕಿನಿಂದ ಎರಡು ಪ್ರಶ್ನೆ ಬಂದವು. ಹಣ ಯಾವ ಉದ್ದೇಶಕ್ಕೆ? ಕಳಿಸಿದವರು ನಿಮಗೆ ಏನಾಗಬೇಕು? ಮೊದಲನೆಯದಕ್ಕೆ ಚೊಕ್ಕ ಇಂಗ್ಲಿಷಿನಲ್ಲಿ, "ಆಟ ಹಾಗೂ ಗೆದ್ದವರಿಗೆ ಬಹುಮಾನದ ಹಣ" ಎಂದು ಬರೆದೆ. ಎರಡನೆಯದಕ್ಕೆ ಬಂದು ಪೆನ್ನು ನಿಂತಿತು. ಸ್ನೇಹಿತ ಎಂದು ಬರೆಯಲೆ? ಅವನು ನನ್ನ ಸ್ನೇಹಿತನ ಸ್ನೇಹಿತ. ನನ್ನ ಕುರ್ಚಿ ಕಸಿದವನು. ಸತ್ಯಕ್ಕೆ ಅಪಚಾರವಾಗಬಾರದೆಂದು ದಪ್ಪಕ್ಷರದಲ್ಲಿ ಬರೆದೆ: "ಎದುರಾಳಿ."

ಬರೆದು ಮುಗಿಸಿದಾಗ ಎಂಥ ತೃಪ್ತಿ! ಅಷ್ಟರಲ್ಲಿ ಗಿರಿಜಾದೇವಿ ಸತ್ಯಭಾಮಾ ಮನೆಯ ಶುಕ್ರವಾರದ ಸಹಸ್ರನಾಮ ಮುಗಿಸಿ ಬಂದಳು. ಬೆರಳ ತುದಿಯಲ್ಲಿ ಬಿಳಿ ಪುಡಿ.

"ಮಧ್ಯಾಹ್ನ ಏನೇ ರಂಗೋಲಿ?"

"ನೀವು ಮೊದಲು ಮುಖ ತೊಳ್ಕೊಳಿ. ಏನೋ ಗೆದ್ದ ಹಾಗಿದೆ, ನೋಡೋಕಾಗ್ತಿಲ್ಲ" ಎಂದಳು.

ಮಾರನೆಯ ವಾರ ಬ್ಯಾಂಕಿನಿಂದ ಕರೆ ಬಂತು. ಇಂಚರ ಎಂಬ ಅಧಿಕಾರಿ, ನನ್ನ ಮಗಳ ವಯಸ್ಸಿನವಳು, ನನ್ನ ಬರಹವನ್ನು ಮುಂದಿಟ್ಟುಕೊಂಡು ಕೂತಿದ್ದಳು.

"ಸಾರ್, ಇದನ್ನ ನೀವೇ ಬರ್ದಿದ್ದಾ?"

"ಪ್ರತಿ ಅಕ್ಷರ ನನ್ನದೇ ಮೇಡಂ."

"ದುಡ್ಡು ಆಟಕ್ಕೆ. ಕಳಿಸಿರೋರು ಎದುರಾಳಿ. ಆಟದಲ್ಲಿ ಎದುರಾಳಿ ದುಡ್ಡು ಕಳಿಸ್ತಾರೆ ಅಂದ್ರೆ ಅವ್ರು ಸೋತಿರ್ಬೇಕು ಅಲ್ವಾ ಸಾರ್?"

"ಸೋತಿದಾನೆ ಮೇಡಂ! ಎಷ್ಟೋ ಸಲ! ಹೊರಗಡೆ ಮಾತ್ರ ಒಪ್ಕೊಳಲ್ಲ!"

ಇಂಚರಳ ಪೆನ್ನು ಚಕಚಕನೆ ಓಡಿತು. "ಅಂದ್ರೆ ಇದು ಬೆಟ್ಟಿಂಗ್ ದುಡ್ಡು."

ಅಯ್ಯೋ! ಇಸ್ಪೀಟು ಕಂಡರೆ ದಾರಿ ಬದಲಿಸುವ ವಂಶದಲ್ಲಿ ಹುಟ್ಟಿದ ನಾನು, ಗಂಧದ ಬೊಟ್ಟಿಟ್ಟುಕೊಂಡು ಬ್ಯಾಂಕಿನ ನಡುವೆ ಅಂತಾರಾಷ್ಟ್ರೀಯ ಜೂಜುಕೋರನಾಗಿ ಕೂತಿದ್ದೆ! ಪಕ್ಕದಲ್ಲಿ ಪಾಸ್‌ಬುಕ್ ಹಿಡಿದಿದ್ದ ಆಂಟಿಯೊಬ್ಬರು ಕೈಚೀಲವನ್ನು ಎದೆಗೊತ್ತಿಕೊಂಡು ಎರಡು ಕುರ್ಚಿ ಆಚೆ ಸರಿದರು. ನಾನು ವಿವರಿಸಿದಷ್ಟೂ ಕೆಟ್ಟಿತು. ಕೊನೆಗೆ ಇಂಚರ, "ನಿಯಮ ಈಗ ತುಂಬಾ ಟೈಟು ಸಾರ್. ಹಣ ತಡೆದಿದೀವಿ. ಅಲ್ಲಿನ ಬ್ಯಾಂಕಿಗೂ ವಿವರಣೆ ಕೇಳಿ ಬರ್ದಿದೀವಿ" ಎಂದಳು.

ಸಂಜೆಗೆ ಮಸ್ಕತ್ತು ಗುಡುಗಿತು.

"ಲೋ! ಏನ್ ಬರ್ದೆ ನೀನು? ಇಲ್ಲಿ ನನ್ ಅಕೌಂಟೇ ಹಿಡ್ಕೊಂಡಿದಾರೆ! ಟಿಕೆಟ್ ಮಾಡ್ಸೋಕೂ ದುಡ್ಡು ತೆಗಿಯೋಕಾಗ್ತಿಲ್ಲ. ಪಂದ್ಯಕ್ಕೆ ಹೆಂಗೋ ಬರ್ಲಿ?"

ಇಲ್ಲಿ ನಿಜ ಹೇಳಿಬಿಡುತ್ತೇನೆ. ಆ ಮಾತು ಕೇಳಿ ನನ್ನ ಎದೆಯಲ್ಲಿ ಒಂದು ಸಣ್ಣ ಹಬ್ಬವಾಯಿತು. ಅವನು ಬರುವುದಿಲ್ಲ! ವೇದಿಕೆಯ ಮೇಲೆ ಜಯಸಿಂಹನ ಫೋಟೋ ಪಕ್ಕ ಒಂದೇ ಕುರ್ಚಿ, ಅದರಲ್ಲಿ ನಾನು! "ಪರವಾಗಿಲ್ಲ ಬಿಡೋ, ನಾನಿದೀನಲ್ಲ" ಎಂದೆ, ಆದಷ್ಟು ಶೋಕ ಬೆರೆಸಿ.

ಫೋನಿಡುವಾಗ ಗಿರಿಜಾದೇವಿ ಬಾಗಿಲಲ್ಲಿ ನಿಂತಿದ್ದಳು.

"ರೀ, ಜಯಸಿಂಹ ಅವ್ರು ಸತ್ತಾಗ ನೀವು ಹೆಗಲು ಕೊಟ್ರಿ. ನಚಿಕೇತ ಅವ್ರಿಗೆ ಮುಖ ನೋಡೋಕೂ ಆಗ್ಲಿಲ್ಲ, ಏರ್‌ಪೋರ್ಟಲ್ಲೇ ಕೂತು ಅತ್ರು. ಈಗ ಇದನ್ನೂ ತಪ್ಪಿಸ್ತೀರಾ?"

ನಾನು ದಾಸವಾಳಕ್ಕೆ ನೀರು ಹಾಕಲು ಎದ್ದೆ. "ಅದನ್ನೂ ಸಾಯಿಸ್ಬೇಡಿ!" ಎಂದು ಒಳಗಿನಿಂದ ಕೂಗು ಬಂತು.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿದ್ದೆ. ಪಂದ್ಯದ ಕರಪತ್ರ, ಸಭಾಂಗಣದ ರಸೀದಿ, ಎಲ್ಲ ಇಟ್ಟೆ. ಇಂಚರ ಮೆತ್ತಗಾದಳು.

"ಇವ್ರು ನಿಮಗೆ ಪರಿಚಯ ಅನ್ನೋಕೆ ಏನಾದ್ರೂ ಇದೆಯಾ ಸಾರ್? ಇಬ್ರೂ ಒಟ್ಟಿಗೆ ಇರೋ ಫೋಟೋ?"

ಫೋನಿನಲ್ಲಿ ಹುಡುಕಿದೆ. ವರಾಂಡದಲ್ಲಿ ತೆಗೆದದ್ದು, ಲಾಲ್‌ಬಾಗಿನಲ್ಲಿ ತೆಗೆದದ್ದು, ಯಾರದೋ ಮದುವೆಯದು. ಎಲ್ಲದರಲ್ಲೂ ಒಂದು ಅಂಚಿನಲ್ಲಿ ನಾನು, ಇನ್ನೊಂದು ಅಂಚಿನಲ್ಲಿ ನಚಿಕೇತ, ನಡುವೆ ಜಯಸಿಂಹ, ಇಬ್ಬರ ಹೆಗಲ ಮೇಲೂ ಕೈ ಹಾಕಿಕೊಂಡು. ನಾವಿಬ್ಬರೇ ಇರುವ ಒಂದು ಫೋಟೋ ಇಲ್ಲ. ತೆಗೆಸಿಕೊಳ್ಳಬೇಕೆಂದು ಇಬ್ಬರಿಗೂ ಅನಿಸಿರಲೇ ಇಲ್ಲ.

"ಮಧ್ಯ ಇರೋರಿಗೆ ಇಬ್ರೂ ಚೆನ್ನಾಗಿ ಗೊತ್ತಲ್ವಾ ಸಾರ್? ಅವ್ರನ್ನೇ ಒಂದ್ಸಲ ಕರ್ಕೊಂಡು ಬನ್ನಿ, ಮುಗ್ದೋಯ್ತು."

"ಪಂದ್ಯ ಅವನ ಹೆಸರಲ್ಲೇ ಮೇಡಂ" ಎಂದೆ.

ಆಕೆ ಕರಪತ್ರದ ಮೇಲಿನ ಫೋಟೋ ನೋಡಿದಳು. ನನ್ನ ಫೋನು ನೋಡಿದಳು. ಆಮೇಲೆ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿ, "ಅವ್ರಿಗೆ ವಿಡಿಯೋ ಕಾಲ್ ಮಾಡಿ ಸಾರ್. ಇಬ್ಬರ ಹತ್ರಾನೂ ಮಾತಾಡ್ತೀನಿ" ಎಂದಳು.

ಪರದೆಯ ಮೇಲೆ ನಚಿಕೇತ ಬಂದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ.

"ಸಾರ್, ಇವ್ರು ನಿಮಗೆ ಏನಾಗ್ಬೇಕು?" ಎಂದು ಇಂಚರ ಕೇಳಿದಳು.

"ಏನಾಗ್ಬೇಕಾ ಮೇಡಂ? ವರ್ಷಕ್ಕೊಂದ್ಸಲ ರಜೆಗೆ ಬಂದ್ರೆ, ಪೌಡರ್ ಹಾಕೋ ನೆಪದಲ್ಲಿ ಬೋರ್ಡ್ ಅಲ್ಲಾಡಿಸ್ತಿದ್ದ ಮನುಷ್ಯ!"

"ಸುಳ್ಳು! ಒಂದೇ ಸಲ, ಅದೂ ಸೀನು ಬಂದಿತ್ತು!"

"ನಾನು ರೆಡ್ ಹೊಡೆಯೋವಾಗ್ಲೇ ನಿಂಗೆ ಸೀನು ಬರೋದಾ?"

"ನೀನು ಬಂದ್ರೆ ಅವನು ನನ್ನ ಕಡೆ ತಿರುಗೂ ನೋಡ್ತಿರ್ಲಿಲ್ಲ! ನೀನು ಹೋದ್ಮೇಲೂ ನಿನ್ನದೇ ಜಪ. ನಚಿಕೇತ ಆಗಿದ್ರೆ ಈ ಕಾಯಿ ಬಿಡ್ತಿರ್ಲಿಲ್ಲ ಅಂತ!"

ನಚಿಕೇತ ಪರದೆಗೆ ಹತ್ತಿರ ಬಂದ. "ಹಂಗಂತಿದ್ನಾ? ನನ್ಹತ್ರ ಫೋನಲ್ಲಿ ಬರೀ ನಿನ್ನ ವರ್ಣನೆ ಕಣೋ. ಇವತ್ತು ಅವನು ಹಿಂಗೆ ಹೊಡೆದ, ಹಂಗೆ ಹೊಡೆದ ಅಂತ. ಇಲ್ಲಿ ಒಬ್ನೇ ರೂಮಲ್ಲಿ ಕೂತು ಕೇಳ್ತಿದ್ರೆ ಹೊಟ್ಟೆ ಉರಿಯೋದು. ಎಲ್ಲಾ ಭಾನುವಾರಾನೂ ನಿಂಗೇ ಸಿಕ್ತು."

ಆ ಪಾಸ್‌ಬುಕ್ ಆಂಟಿ, ಇವತ್ತೂ ಬಂದಿದ್ದವರು, ತಮ್ಮ ಟೋಕನ್ ಸಂಖ್ಯೆ ಕೂಗಿದ್ದನ್ನೂ ಮರೆತು ನಮ್ಮನ್ನೇ ನೋಡುತ್ತಿದ್ದರು.

ಇಂಚರ 'ಎದುರಾಳಿ'ಯನ್ನು ಹೊಡೆದುಹಾಕಿ, ನನ್ನಿಂದ ಪಕ್ಕದಲ್ಲಿ ಸಹಿ ಹಾಕಿಸಿಕೊಂಡಳು. "ಸ್ನೇಹಿತರು ಅಂತ ಹಾಕ್ತೀನಿ ಸಾರ್. ಪರಿಚಯ ಇಲ್ದೋರು ಬ್ಯಾಂಕಲ್ಲಿ ಹೀಗೆ ಕಿತ್ತಾಡಲ್ಲ."

ಹಣ ಬಂತು. ಖಾತೆ ಬಿಡುಗಡೆಯಾಯಿತು. ನಚಿಕೇತನೂ ಬಂದ, ಖರ್ಜೂರದ ಸಮೇತ!

ಪಂದ್ಯ ಡಬಲ್ಸ್. ಜೊತೆಗಾರ ಎದುರಿಗೆ ಕೂರಬೇಕು. ನನ್ನ ಎದುರಿಗೆ ನಚಿಕೇತ. ಒಂದು ಸಲ ಫೌಲ್ ಹೌದೋ ಅಲ್ಲವೋ ಎಂದು ವಾದ ಬಂದಾಗ ಇಬ್ಬರೂ ಜಯಸಿಂಹನ ತೀರ್ಪಿಗೆಂದು ಅಭ್ಯಾಸಬಲದಿಂದ ಒಟ್ಟಿಗೇ ಪಕ್ಕಕ್ಕೆ ತಿರುಗಿದೆವು. ಅಲ್ಲಿ ಅವನಿರಲಿಲ್ಲ. ಇಬ್ಬರೂ ಮತ್ತೆ ಬೋರ್ಡಿನ ಕಡೆ ನೋಡಿದೆವು. ಆಮೇಲೆ ಆಡಿದ್ದು ಆಟವೆ? ಆವೇಶ! ಅಣ್ಣಮ್ಮ ದೇವಿಯ ಮೆರವಣಿಗೆಯ ಮುಂದೆ ತಮಟೆ ಬಡಿದ ಹಾಗೆ ಕಾಯಿಗಳು ಬಿದ್ದವು. ನೇರ ಫೈನಲ್ಲಿಗೆ ಬಂದೆವು.

ಫೈನಲ್ಲಿನಲ್ಲಿ ಎದುರಾಳಿಗಳಾಗಿ ನಮ್ಮ ಎಡಬಲಕ್ಕೆ ಬಂದು ಸೆರಗು ಸಿಕ್ಕಿಸಿ ಕೂತವರು ಸತ್ಯಭಾಮಾ ಮತ್ತು ನನ್ನ ಗಿರಿಜಾದೇವಿ.

"ನಿಂಗೆ ಬರುತ್ತೇನೇ?" ಎಂದು ನಕ್ಕೆ.

ಆಕೆ ಸ್ಟ್ರೈಕರನ್ನು ಒಮ್ಮೆ ಉಜ್ಜಿದಳು. ಬೋರ್ಡಿನ ಎರಡು ಅಂಚಿಗೆ ಬಡಿಸಿ ರೆಡ್ ಹಾಕಿದಳು, ಅದರ ಹಿಂದೆಯೇ ಅದನ್ನು ಉಳಿಸಿಕೊಳ್ಳುವ ಫಾಲೋ ಕಾಯಿ. ನಚಿಕೇತನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬೆರಳ ತುದಿಯ ಬಿಳಿ ಪುಡಿ ಆಗ ನನಗೆ ಅರ್ಥವಾಯಿತು. ನಾವು ಸೋತ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಓದುಗರಲ್ಲಿ ಹೃದಯ ದುರ್ಬಲವಾಗಿರುವವರೂ ಇರಬಹುದು.

"ಶುಕ್ರವಾರ ಸಹಸ್ರನಾಮ ಆದ್ಮೇಲೆ ನಾವಿಬ್ರೂ ಸರದಿ ಮೇಲೆ ಅವ್ರ ಜೊತೆ ಆಡ್ತಿದ್ವಿ" ಎಂದರು ಸತ್ಯಭಾಮಾ, ಟ್ರೋಫಿಯನ್ನು ಗಂಡನ ಫೋಟೋ ಪಕ್ಕ ಇಡುತ್ತ. "ಈಗ್ಲೂ ಆಡ್ತೀವಿ. ಒಂದ್ಸಲ ಕೇಳಿದ್ದೆ, ನಿಮ್ಮ ಗೆಳೆಯರಿಬ್ರಲ್ಲಿ ಯಾರು ಚೆನ್ನಾಗಿ ಆಡ್ತಾರೆ ಅಂತ. 'ಗಿರಿಜಮ್ಮ' ಅಂದ್ರು."

ನಚಿಕೇತ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಷ್ಟು ವರ್ಷ ತಪ್ಪು ಮನುಷ್ಯನ ಮೇಲೆ ಹೊಟ್ಟೆ ಉರಿಸಿಕೊಂಡಿದ್ದೆವು!

ಈ ವರ್ಷದ ಪಂದ್ಯಕ್ಕೂ ನಚಿಕೇತ ಹಣ ಕಳಿಸಿದ್ದಾನೆ. ನನ್ನ ಖಾತೆಗಲ್ಲ, ಗಿರಿಜಾದೇವಿಯ ಖಾತೆಗೆ. ಮೊನ್ನೆ ಆಕೆ ಮರೆತು ಹೋಗಿದ್ದ ಫೋನು ಬಡಿದುಕೊಂಡಿತು. ಇಂಚರಳ ದನಿ.

"ಮೇಡಂ ಇದಾರಾ? ಮಸ್ಕತ್ ದುಡ್ಡಿನ ಬಗ್ಗೆ ಕೇಳ್ಬೇಕಿತ್ತು."

"ಪ್ರಾಕ್ಟೀಸಿಗೆ ಹೋಗಿದಾರೆ."

"ನೀವ್ಯಾರು ಮಾತಾಡ್ತಿರೋದು? ಅವ್ರಿಗೆ ಏನಾಗ್ಬೇಕು?"

ಬ್ಯಾಂಕಿನವರು ಸಂಬಂಧ ಕೇಳಿದಾಗ ಜಂಬ ಕೊಚ್ಚಬಾರದೆಂದು ಕಲಿತವನು ನಾನು.

"ಪೌಡರ್ ಹಾಕೋನು, ಮೇಡಂ" ಎಂದೆ.