ಜಿರಲೆಯ ಮಾತು ಕೇಳಲು ಹೊರಟಾಗ

ಜಿರಲೆಯನ್ನು ನಂಬಿ ಬದುಕುವವನಿಗೆ ನಗುವಿಗೇನೂ ಬರವಿಲ್ಲ. ಹಾಸನದ ಕಾಲೇಜೊಂದರ ನನ್ನ ಪ್ರಯೋಗಾಲಯದಲ್ಲಿ ವಾರಕ್ಕೊಂದಾದರೂ ನಗುವಂಥದ್ದು ಆಗಿಯೇ ತೀರುತ್ತದೆ. ನನ್ನ ಕೆಲಸವಿಷ್ಟೇ: ಜಿರಲೆಯ ನರಕ್ಕೆ ಕೂದಲಿನಷ್ಟು ಸಣ್ಣ ತಂತಿ ತಾಗಿಸಿ, ಅಲ್ಲಿ ಓಡುವ ವಿದ್ಯುತ್ತನ್ನು ಸ್ಪೀಕರಿನಲ್ಲಿ ಕೇಳುವುದು. ಸರಿಯಾಗಿದ್ದರೆ ಪಟಪಟ ಸದ್ದು ಬರಬೇಕು. ಆ ಸದ್ದನ್ನು ಹಿಗ್ಗಿಸುವ ಹೊಸ ಯಂತ್ರ ಬಂದ ಮೇಲೆ ಬರೀ ಗುಂಯ್ ಎನ್ನುತ್ತಿತ್ತು. ಯುಗಾದಿಯೊಳಗೆ ಸರಿಹೋಗದಿದ್ದರೆ ಯಂತ್ರವನ್ನು ಬೇರೆ ವಿಭಾಗಕ್ಕೆ ಕೊಡುವುದಾಗಿ ಪ್ರಾಂಶುಪಾಲರು ಹೇಳಿಬಿಟ್ಟರು. ಇಪ್ಪತ್ತು ವರ್ಷ ಕಾದು ಪಡೆದ ಯಂತ್ರ ಅದು.

1. ಪಕ್ಕದ ಮನೆಯವು

ಮೊದಲು ಅನುಮಾನ ಬಂದದ್ದು ಜಿರಲೆಗಳ ಮೇಲೆ. ಹೊಸವು ಬೇಕೆಂದು ಅರಕಲಗೂಡಿನ ಅತ್ತೆಗೆ ಫೋನ್ ಮಾಡಿದೆ. ತಮ್ಮ ಮನೆಯಲ್ಲಿ ಒಂದೂ ಇಲ್ಲ, ಚನ್ನರಾಯಪಟ್ಟಣದ ತಮ್ಮ ನಾದಿನಿ ಮನೆಯಲ್ಲಾದರೆ ಡಬ್ಬಕ್ಕೊಂದಿವೆ ಎಂದರು. ಅಲ್ಲಿಗೆ ಹೋಗಿ ಜಿರಲೆ ಕೇಳಿದೆ. ನಾದಿನಿ ಕಾಫಿ ಕೊಟ್ಟು, ನಮ್ಮಲ್ಲಿ ಇವೆ ಅಂತ ನಿನಗೆ ಯಾರು ಹೇಳಿದ್ದು ಎಂದು ಕೇಳಿದರು. ನಾನು ಸತ್ಯ ಹೇಳಿದೆ. ವಿಜ್ಞಾನಿಗಳ ದೊಡ್ಡ ದೋಷವೇ ಅದು. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ. ಆದರೂ ನನ್ನ ಮೇಲಿನ ಅಕ್ಕರೆಗೆ ವಾರದೊಳಗೆ ಇಬ್ಬರೂ ಒಂದೊಂದು ಡಬ್ಬ ಜಿರಲೆ ಕಳಿಸಿದರು. ಎರಡರ ಮೇಲೂ ‘ಪಕ್ಕದ ಮನೆಯವು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

2. ಹಬ್ಬದ ಉಪವಾಸ

ನಮ್ಮ ಅಟೆಂಡರಮ್ಮ ಶಾಂತಿಗ್ರಾಮದಿಂದ ಬಸ್ಸಿನಲ್ಲಿ ಬರುವವಳು. ಯಂತ್ರ ಬಂದಾಗ ನನ್ನಮ್ಮ ಹೊಳೆನರಸೀಪುರದಿಂದ ಕಳಿಸಿದ್ದ ನರಸಿಂಹಸ್ವಾಮಿ ಪಟಕ್ಕೆ ದಿನಾ ಹೂ ಮುಡಿಸಿ, ಸುತ್ತಲಿನ ಬಲ್ಬಿನ ಸರ ಹಚ್ಚುವುದು ಅವಳದೇ ಕೆಲಸ. ಪ್ರಯೋಗದ ಹಿಂದಿನ ದಿನ ಜಿರಲೆಗಳನ್ನು ಉಪವಾಸ ಇಡುತ್ತೇನೆ. ಸಂಕ್ರಾಂತಿಯ ಮರುದಿನ ನೋಡಿದರೆ ಉಪವಾಸವಿದ್ದವೆಲ್ಲ ಹೊಟ್ಟೆ ಬಿರಿಯುವಂತೆ ತಿಂದು ಬಿದ್ದುಕೊಂಡಿವೆ. ಪೆಟ್ಟಿಗೆಯ ತುಂಬ ಎಳ್ಳು, ಕೊಬ್ಬರಿ ಚೂರು. ಗದರಿದೆ. ಅವಳಿಗೆ ಬೇಜಾರಾಯಿತು.

“ಮಾತಾಡ್ತಿಲ್ಲ, ಮಾತಾಡ್ತಿಲ್ಲ ಅಂತ ನೀವೇ ಕೊರಗ್ತಿದ್ರಲ್ಲ ಸಾ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡ್ರಪ್ಪ ಅಂತ ಕೊಟ್ಟೆ.”

3. ತೂಬು

ಹೊಗೆಸೊಪ್ಪಿನ ನಂಜು ಹುಳದ ನರಕ್ಕೆ ಏನು ಮಾಡುತ್ತದೆಂದು ನೋಡಬೇಕಿತ್ತು. ಸೊಪ್ಪು ತಂದುಕೊಟ್ಟ ರಾಮನಾಥಪುರದ ರೈತರೊಬ್ಬರು ಇದು ಯಾತಕ್ಕೆಂದು ಕೇಳಿದರು. ಕಾಲುವೆಗೆ ತೂಬು ಇರುವ ಹಾಗೆ ನರದ ಗೋಡೆಯಲ್ಲೂ ಅಯಾನುಗಳೆಂಬ ವಿದ್ಯುತ್ ಕಣಗಳು ನುಗ್ಗುವ ಸಣ್ಣ ತೂಬುಗಳಿವೆ, ಈ ನಂಜು ಅವನ್ನು ತೆರೆದು ಮುಚ್ಚಗೊಡುವುದಿಲ್ಲ, ಹುಳ ಒದ್ದಾಡಿ ಸಾಯುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

“ತೂಬೆತ್ತಿ ಮುಚ್ದೆ ಓಗೋರು ನಮ್ ಕಾಲ್ವೇಲೂ ಅವ್ರೆ ಸಾ. ಅವ್ರಿಗ್ಯಾವ ಸೊಪ್ಪು ತಿನ್ಸವ್ರೋ ಕಾಣೆ.”

4. ಸ್ವಾಮಿ ನೋಡಬಾರದು

ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಅಷ್ಟರಲ್ಲಿ, ಸುತ್ತಲಿನ ಕರೆಂಟು ತಂತಿಗಳ ಸದ್ದು ಯಂತ್ರಕ್ಕೆ ನುಗ್ಗುತ್ತಿದೆಯೇನೋ ಎಂದು ಫ್ಯಾನು ನಿಲ್ಲಿಸಿದ್ದೆ, ಟ್ಯೂಬ್‌ಲೈಟು ಕಳಚಿದ್ದೆ, ಯಂತ್ರಕ್ಕೆ ತಗಡು ಸುತ್ತಿದ್ದೆ, ಗುಂಯ್ ಮಾತ್ರ ಹೋಗಿರಲಿಲ್ಲ. ಜಿರಲೆ ಮುಟ್ಟುವವನೆಂದು ಸ್ನಾನ ಮಾಡದೆ ನನ್ನನ್ನು ಅಡುಗೆಮನೆಗೆ ಬಿಡದ ಅಮ್ಮ, ಯಂತ್ರ ಹೋಗುವ ಮೊದಲು ಒಮ್ಮೆ ನೋಡುತ್ತೇನೆಂದು ಬಂದಳು. ಇದೇ ಮೊದಲ ಸಲ. ಏನೂ ತೋರಿಸಲಾಗುವುದಿಲ್ಲವಲ್ಲ ಎಂದು ನನಗೆ ಅಳುವೇ ಬಂದಿತ್ತು. ಆದರೂ ಜಿರಲೆಗೆ ಮಂಪರು ಬರಿಸಿ, ಕೊಯ್ದು, ತಂತಿ ತಾಗಿಸಿದೆ. ಅಮ್ಮ ಜಿರಲೆಯನ್ನು ನೋಡಿದಳು. ಪಕ್ಕದಲ್ಲೇ ಜಗಮಗಿಸುತ್ತಿದ್ದ ಪಟವನ್ನು ನೋಡಿದಳು.

“ಏನೋ ಇದು, ಸ್ವಾಮಿ ಎದುರಿಗೇ ಜೀವ ಕೊಯ್ತಾ ಇದೀಯಾ?”

ನೋವಾಗುವುದಿಲ್ಲ ಎಂದರೂ ಕೇಳಲಿಲ್ಲ. ಬಲ್ಬಿನ ಸರದ ಪ್ಲಗ್ ಕಿತ್ತು, ಪಟವನ್ನು ಗೋಡೆ ಕಡೆ ತಿರುಗಿಸಿದಳು. “ನಿನ್ನ ಕೆಲಸ ಮುಗಿಯೋ ತನಕ ಅವನು ನೋಡೋದು ಬೇಡ.”

ಗುಂಯ್ ನಿಂತಿತು. ಒಂದು ಗಳಿಗೆ ಬಿಟ್ಟು ಸ್ಪೀಕರಿನಲ್ಲಿ ಪಟಪಟ, ಪಟಪಟ. ಆ ಕೋಣೆಯ ತಂತಿಗಳನ್ನೆಲ್ಲ ಅನುಮಾನಿಸಿದ್ದೆ, ದೇವರದೊಂದನ್ನು ಬಿಟ್ಟು. ಅಮ್ಮನನ್ನು ತಬ್ಬಿಕೊಳ್ಳಲು ಹೋದೆ. ಜಿರಲೆ ಮುಟ್ಟಿದ ಕೈ, ದೂರ ನಿಲ್ಲು ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಯಂತ್ರ ನಮ್ಮಲ್ಲೇ ಉಳಿಯಿತು. ಸ್ವಾಮಿಯೇ ಕಾಪಾಡಿದ ಎಂದು ಅಮ್ಮ ಹೊಳೆನರಸೀಪುರದ ತುಂಬ ಹೇಳಿಕೊಂಡು ಬಂದಳು. ಕಾಟ ಕೊಡುತ್ತಿದ್ದದ್ದೇ ಆ ಬಲ್ಬಿನ ಸರ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ಪ್ರತಿ ಪ್ರಯೋಗಕ್ಕೂ ಮುಂಚೆ ಅಟೆಂಡರಮ್ಮ ಪ್ಲಗ್ ಕಿತ್ತು, ಪಟಕ್ಕೆ ಕೈ ಮುಗಿಯುತ್ತಾಳೆ.

“ಒಸಿ ಆ ಕಡೀಕೆ ತಿರುಕ್ಕೊಳಪ್ಪ ಸ್ವಾಮಿ. ನಮ್ ಸಾ ಕುಯ್ಯಕ್ಕೆ ಕೂತವ್ರೆ.”