ಎವಾರಿಸ್ತೊನ ಎದೆಯ ಚೂರು

ಕ್ಷೌರಿಕ ಎವಾರಿಸ್ತೊ ಮೂರು ತಿಂಗಳಿಂದ ಕೆಮ್ಮುತ್ತಿದ್ದ. ಆ ಬೆಳಿಗ್ಗೆ ಅರೆಕಿಪಾ ಊರಿನ ಆಸ್ಪತ್ರೆಯಲ್ಲಿ ಅವನ ಗಂಟಲೊಳಗೆ ಕೊಳವೆ ಇಳಿಸಿ, ಎದೆಯೊಳಗಿನ ಗಂಟಿಗೆ ಸೂಜಿ ಚುಚ್ಚಿ, ಅಕ್ಕಿಕಾಳಿನಷ್ಟು ಚೂರು ತೆಗೆದು ಬಾಟಲಿಗೆ ಹಾಕಿದರು. ಅದು ಕ್ಯಾನ್ಸರೋ ಅಲ್ಲವೋ ಎಂದು ಹೇಳಬೇಕಾದ ಲ್ಯಾಬು ಊರಿನ ಇನ್ನೊಂದು ತುದಿಯಲ್ಲಿತ್ತು. ಬಾಟಲಿ ಹೊತ್ತೊಯ್ಯುವ ಕೆಲಸ ಎಂದಿನಂತೆ ಮನೆಯವರದು. ಸಂಜೆ ನಾಲ್ಕಕ್ಕೆ ಲ್ಯಾಬಿನ ಬಾಗಿಲು ಹಾಕಿದರೆ ಆಮೇಲೆ ಒಂದು ವಾರ ಹಬ್ಬದ ರಜೆ.

ಅರಿವಳಿಕೆಯ ಮತ್ತು ಇಳಿದು ಅವನು ಕಣ್ಣುಬಿಟ್ಟಾಗ ಅತ್ತೆ ಕ್ಲೊರಿಂದಾ ಪೆಚ್ಚುಮೋರೆ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು.

"ಕೊಟ್ಟು ಬಂದ್ರಾ ಅತ್ತೆ?"

"ದಾರೀಲಿ ಚರ್ಚಿಗೆ ಹೋದೆ ಕಣಪ್ಪಾ. ಪಾದ್ರಿಗಳು ಮಂತ್ರಿಸಿದ ನೀರು ಚಿಮುಕಿಸ್ಲಿ ಅಂತ ಎಲ್ಲರ ನೀರಿನ ಬಾಟ್ಲಿ ಜೊತೆ ನಿಂದೂ ಇಟ್ಟೆ. ಚೀಟಿ ಮೇಲಿನ ಹೆಸರು ತೊಳೆದೇ ಹೋಯ್ತು. ಲ್ಯಾಬಲ್ಲಿ ನೋಡಿದ್ರೆ, ಇದು ಬರೀ ನೀರು ಅಂತಾರೆ! ಅದಲುಬದಲಾಗಿ ನಿಂದು, ಪಕ್ಕದಲ್ಲೇ ಬಾಟ್ಲಿ ಇಟ್ಟಿದ್ದ ನಮ್ಮ ಬೀದಿ ಇರ್ಮಾ ಹತ್ರ ಹೋಗಿರ್ಬೇಕು."

ಎವಾರಿಸ್ತೊ ಆಸ್ಪತ್ರೆಯ ಅಂಗಿಯಲ್ಲೇ ಓಡಿದ. ಇರ್ಮಾಳ ಮನೆಯ ಮುಂದೆ ಬೀದಿಯ ತಿರುವಿನವರೆಗೂ ಜನ ಸಾಲುಗಟ್ಟಿದ್ದರು. ಒಬ್ಬ ಮೇಣದಬತ್ತಿ ಮಾರುತ್ತಿದ್ದ, ಒಬ್ಬಳು ಬೇಯಿಸಿದ ಜೋಳ. ಒಳಗೆ ಬಿಳಿ ಬಟ್ಟೆಯ ಮೇಲೆ ಅವನ ಬಾಟಲಿ ಮದುಮಗನಂತೆ ಕೂತಿತ್ತು.

"ನೀರಿಟ್ಟಿದ್ದೆ, ಸಂತರ ಮಾಂಸವೇ ಬಂದು ಸೇರ್ಕೊಂಡಿದೆ!" ಎಂದು ಇರ್ಮಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇರ್ಮಾ ಅಮ್ಮಾ, ಅದು ನಂದು! ನನ್ನ ಎದೇದು!"

"ಬಾಯಿ ತೊಳ್ಕೋ! ಹೋದ ವಾರ ನನ್ನ ಗಂಡನ ಕಿವಿ ಕುಯ್ದವನ ಎದೇಲಿ ಇಂಥದ್ದು ಇರುತ್ತಾ? ಹೋಗಿ ಸಾಲಲ್ಲಿ ನಿಂತ್ಕೋ."

ನಿಂತ. ಸರದಿ ಬಂದಾಗ ಮೂರೂವರೆ ದಾಟಿತ್ತು. ಮುತ್ತಿಡುವವನಂತೆ ಬಗ್ಗಿ, ಬಾಟಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಿತ್ತ ನೋಡಿ ಓಟ! ಹಿಂದೆ ಇಡೀ ಬೀದಿ. ಮೆರವಣಿಗೆ ಹೊರಟಿದೆ ಎಂದುಕೊಂಡು ಹಬ್ಬದ ಬ್ಯಾಂಡಿನವರೂ ಊದುತ್ತಾ ಸೇರಿಕೊಂಡರು. ಬಡಪಾಯಿ ಕೆಮ್ಮುತ್ತಾ, ಏದುಸಿರು ಬಿಡುತ್ತಾ ಲ್ಯಾಬಿನ ಕಿಟಕಿ ಮುಟ್ಟಿದಾಗ ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿತ್ತು.

ಒಳಗಿದ್ದ ಹೆಂಗಸು ಬಾಟಲಿ ನೋಡಿದಳು, ತನ್ನ ಫೋನು ನೋಡಿದಳು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಅಯ್ಯೋ ದೇವರೇ! ಮಧ್ಯಾಹ್ನದಿಂದ ಎಲ್ಲರ ಫೋನಲ್ಲೂ ಈ ಪವಾಡದ ಫೋಟೋನೇ ಇದೆ!"

"ಬೇಗ ಕುಯ್ದು ನೋಡಿ ಮೇಡಂ! ನಂಗೆ ಭಯ ಆಗ್ತಿದೆ!"

"ಇದನ್ನ ಕುಯ್ಯೋದಾ? ನನ್ನ ಕೈ ಸೇದಿ ಹೋಗ್ಲಿ ಅಂತಾನಾ?"

ಅವಳು ಬಾಟಲಿಯನ್ನು ಸೂಕ್ಷ್ಮದರ್ಶಕದ ಮೇಲಿನ ಕಪಾಟಿನಲ್ಲಿ ಭಕ್ತಿಯಿಂದ ಇಟ್ಟು ದೀಪ ಹಚ್ಚಿದಳು. ನಾಲ್ಕು ಹೊಡೆಯಿತು. ಬಾಗಿಲೆಳೆಯುವ ಮುನ್ನ ಅವಳಿಗೆ ಇವನ ಮೇಲೆ ಕನಿಕರ ಬಂತು.

"ಏನಣ್ಣಾ ನಿಮಗೆ ಕಾಯಿಲೆ?"

"ಅದೇ ಗೊತ್ತಿಲ್ವಲ್ಲಮ್ಮಾ!"

"ಹಾಗಾದ್ರೆ ಇಲ್ಲೇ ಮಂಡಿಯೂರಿ ಇದನ್ನೇ ಕೇಳ್ಕೊಳ್ಳಿ," ಎಂದಳು ಅವಳು. "ಇದಕ್ಕೆ ಎಲ್ಲಾ ಗೊತ್ತು."